ಯುದ್ಧವಿಮಾನದಲ್ಲಿ ಕೂರುವ ಅಧಿಕೃತ ಅನುಭವ

ನಮ್ಮ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಹಳೆಯ ಯುದ್ಧವಿಮಾನದೊಳಗೆ ಸಾರ್ವಜನಿಕರು ಕೂರುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಅದರಲ್ಲಿ ಕೂರುವ ಅನುಭವವನ್ನು ಮಾತ್ರ ವಾರದ ರಜೆ ಹೊರತುಪಡಿಸಿ ಪ್ರತಿದಿನ ಒದಗಿಸಲಾಗುತ್ತದೆ. ಈ ಎರಡು ವಾಕ್ಯ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಕೊಂಕು ತೆಗೆಯುವವರು ಇದ್ದಾರೆ. ಅಂಥವರು ಜನ್ಮದಲ್ಲಿ ಕಚೇರಿ ಕೆಲಸ ಮಾಡಿದವರಲ್ಲ, ಬಿಡಿ.

ವಿಮಾನದ ವಿಷಯ ಮೊದಲು ಹೇಳಿಬಿಡುತ್ತೇನೆ. ಒಬ್ಬನೇ ಕೂರುವ ವಿಮಾನ. ಮುಂದೆ ಎರಡು ಚಕ್ರ, ಬಾಲದ ಕೆಳಗೆ ಒಂದು ಪುಟಾಣಿ ಚಕ್ರ. ಹೀಗಾಗಿ ನೆಲದ ಮೇಲಿರುವಾಗ ಅದು ಬಾಲ ಊರಿ, ಮೂಗು ಮೇಲೆತ್ತಿಕೊಂಡೇ ನಿಂತಿರುತ್ತದೆ, ಬಡ್ತಿ ಸಿಕ್ಕ ಮಾರನೆಯ ದಿನದ ಅಧಿಕಾರಿಯ ಹಾಗೆ. ಯಾವುದೋ ಕಾಲದ ಯುದ್ಧ ಮುಗಿದು, ಎಲ್ಲೂ ಇಡಲು ಜಾಗವಿಲ್ಲದೆ, ಕೊನೆಗೆ ನಮ್ಮ ತಲೆಗೆ ಕಟ್ಟಿದ್ದರು. ನಮ್ಮಲ್ಲಿ ಅದಕ್ಕೆ ಮೊದಲೇ ಒಡೆದ ಮಡಕೆಗಳ ಕೋಣೆ, ಸವೆದ ನಾಣ್ಯಗಳ ಕೋಣೆ ಮತ್ತು ಹೊಟ್ಟು ತುಂಬಿದ ಒಂದು ಮೊಸಳೆ ಇದ್ದವು. ಬಹಳ ವರ್ಷ ಆ ವಿಮಾನದ ರೆಕ್ಕೆಯ ನೆರಳಲ್ಲಿ ನಮ್ಮ ನಿರ್ದೇಶಕರ ಸ್ಕೂಟರ್ ನಿಲ್ಲುತ್ತಿತ್ತು. ಅದರಿಂದ ಆಗುತ್ತಿದ್ದ ಲೋಕೋಪಕಾರ ಅಷ್ಟೇ.

ನಾನು ಇಲ್ಲಿ ಕರಡು ಗುಮಾಸ್ತ. ಅಂದರೆ ಈ ಸಂಸ್ಥೆಯಿಂದ ಹೊರಗೆ ಹೋಗುವ ಪ್ರತಿಯೊಂದು ವಾಕ್ಯವೂ ಮೊದಲು ನನ್ನ ಪೆನ್ನಿನಲ್ಲೇ ಹುಟ್ಟಬೇಕು. "ಮುಟ್ಟಬೇಡಿ" ಎಂಬ ಫಲಕ ಕೂಡ ನನ್ನದೇ. ಮೊದಲು ಅದು "ದಯವಿಟ್ಟು ಮುಟ್ಟಬೇಡಿ" ಎಂದಿತ್ತು. ದಯವಿಟ್ಟು ಎಂಬುದನ್ನು ತೆಗೆದು ಹಾಕಿದ್ದು ನನ್ನ ವೃತ್ತಿಜೀವನದ ಮೊದಲ ಸಾಧನೆ.

ಒಂದು ದಿನ ಬೆಳಗಿನ ಟಪಾಲಿನಲ್ಲಿ ಮೇಲಿನ ಕಚೇರಿಯಿಂದ ಎರಡು ಆದೇಶ ಬಂದವು. ಒಂದೇ ಲಕೋಟೆ, ಒಂದೇ ಸಹಿ. ಮೊದಲನೆಯದರಲ್ಲಿ, ಪರಂಪರೆಗೆ ಸೇರಿದ ಯಾವ ವಸ್ತುವಿನ ಮೇಲೂ ಸಾರ್ವಜನಿಕರು ಏರತಕ್ಕದ್ದಲ್ಲ, ಒಳಗೆ ಕೂರತಕ್ಕದ್ದಲ್ಲ, ಒರಗತಕ್ಕದ್ದಲ್ಲ ಎಂದಿತ್ತು. ಎರಡನೆಯದರಲ್ಲಿ, ಈ ವರ್ಷವನ್ನು ಅನುಭವ ವರ್ಷವೆಂದು ಆಚರಿಸುತ್ತಿರುವುದರಿಂದ ಪ್ರತಿ ಸಂಗ್ರಹಾಲಯವೂ ಒಂದು ರೋಮಾಂಚಕ ಅನುಭವವನ್ನು ಒದಗಿಸಬೇಕೆಂದೂ, ನಿಮ್ಮಲ್ಲಿ ಯುದ್ಧವಿಮಾನ ಇರುವುದಾಗಿ ತಿಳಿದುಬಂದಿರುವುದರಿಂದ ಅದರಲ್ಲಿ ಕೂರುವ ಅನುಭವವನ್ನು ಒದಗಿಸಿ ವರದಿ ಸಲ್ಲಿಸಬೇಕೆಂದೂ ಇತ್ತು.

ನಿರ್ದೇಶಕರು ಎರಡನ್ನೂ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗೇನಯ್ಯಾ ಮಾಡೋದು?"

"ಎರಡನ್ನೂ ಪಾಲಿಸೋದು ಸಾರ್."

"ಹೆಂಗೆ?"

"ಕೂರಬಾರದು ಅಂತ ಇದರಲ್ಲಿದೆ. ಕೂರೋ ಅನುಭವ ಕೊಡಿ ಅಂತ ಅದರಲ್ಲಿದೆ. ಅನುಭವ ಕೊಡಿ ಅಂದಿದಾರೆ ಸಾರ್, ಕೂರಿಸಿ ಅಂದಿಲ್ಲ."

ನಿರ್ದೇಶಕರು ನನ್ನನ್ನೇ ನೋಡಿದರು. "ನೀನು ಎಲ್ಲೋ ಇರಬೇಕಾದೋನು ಕಣಯ್ಯಾ," ಅಂದರು.

"ಇಲ್ಲೇ ಇದೀನಲ್ಲ ಸಾರ್," ಅಂದೆ.

ಹೀಗೆ ಅಧಿಕೃತ ಆಸೀನ ಎಂಬ ಹೊಸ ಹುದ್ದೆ ಸೃಷ್ಟಿಯಾಯಿತು. ಆಸೀನನು ಸಿಬ್ಬಂದಿಯಾದ್ದರಿಂದ ಸಾರ್ವಜನಿಕನಲ್ಲ. ಅವನು ಸಾರ್ವಜನಿಕರ ಪರವಾಗಿ ವಿಮಾನದೊಳಗೆ ಕೂತು, ಇಳಿದು ಬಂದು, ಹೇಗಿತ್ತು ಎಂದು ಸಾಲಿನಲ್ಲಿ ನಿಂತವರಿಗೆ ಹೇಳಬೇಕು. ಬಹಳ ಜನ ಅರ್ಜಿ ಹಾಕಿದ್ದರು. ಆಯ್ಕೆಯಲ್ಲಿ ಯಾವ ಪಕ್ಷಪಾತವೂ ನಡೆಯಲಿಲ್ಲ. ನಿರ್ದೇಶಕರ ಭಾವಮೈದನನ್ನೂ ಎಲ್ಲರಂತೆ ಸಾಲಿನಲ್ಲೇ ನಿಲ್ಲಿಸಿ, ಎಲ್ಲರಂತೆ ಒಳಗೆ ಕರೆದು, ಕೇಳಬೇಕಾದ ಪ್ರಶ್ನೆಯನ್ನೇ ಕೇಳಲಾಯಿತು.

"ಕೂತ್ಕೊಳ್ಳೋಕೆ ಬರುತ್ತಾ?"

"ಅದೊಂದೇ ಬರೋದು ಭಾವ," ಅಂದ ಅವನು.

ಪ್ರಾಮಾಣಿಕ ಉತ್ತರ ಎಂದು ಸಮಿತಿ ಮೆಚ್ಚಿತು.

ಮೊದಲ ದಿನ ಜನ ಕಿಕ್ಕಿರಿದಿದ್ದರು. ಭಾವಮೈದ ಏಣಿ ಹತ್ತಿ, ರೆಕ್ಕೆಯ ಮೇಲೆ ಕಾಲಿಟ್ಟು, ಮೊದಲು ಒಂದು ಭುಜ, ಆಮೇಲೆ ಇನ್ನೊಂದು ಭುಜ, ಹೀಗೆ ತನ್ನನ್ನು ಕಂತಿನಲ್ಲಿ ಒಳಗೆ ಇಳಿಸಿದ. ಗಾಜಿನ ಮುಚ್ಚಳ ಹಾಕಲಾಯಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ ಬಡಿಯುವ ಸದ್ದು ಬಂತು. ಹೊರಗೆ ಎಳೆದಾಗ ಬೆವರು ಸುರಿಯುತ್ತಿತ್ತು. ಮೈಕ್ ಕೈಗೆ ಕೊಟ್ಟೆವು.

"ಏನ್ ಹೇಳೋದು!" ಅಂದ ಅವನು. "ಎರಡೂ ಭುಜ ತಗಡಿಗೆ ಒತ್ತುತ್ತೆ. ಮಂಡಿ ಮಧ್ಯೆ ಒಂದು ಕೋಲು, ಕಾಲು ಚಾಚೋ ಹಾಗಿಲ್ಲ, ಮಡಚೋ ಹಾಗೂ ಇಲ್ಲ. ಹಳೇ ಎಣ್ಣೆ ವಾಸನೆ, ಹಳೇ ರಬ್ಬರ್ ವಾಸನೆ. ಗಾಜಿನೊಳಗೆ ಬೆಂದು ಹೋದೆ. ಗಡಿಯಾರದ ಥರ ಏನೇನೋ ಇದಾವೆ, ಒಂದರ ಮುಳ್ಳೂ ಅಲ್ಲಾಡಲ್ಲ. ಮುಂದೆ ಏನಾದ್ರೂ ಕಾಣುತ್ತಾ ಅಂದ್ರೆ ವಿಮಾನದ ಮೂಗೇ ಅಡ್ಡ, ಎದುರಿಗೆ ಆನೆ ನಿಂತಿದ್ರೂ ಗೊತ್ತಾಗಲ್ಲ. ಎಡಗಾಲು ಜೋಮು ಹಿಡಿದಿದೆ, ಯಾರಾದ್ರೂ ಕೈ ಕೊಡ್ರಪ್ಪಾ."

ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. "ಇದಕ್ಕಿಂತ ನನ್ನಂಗಡಿ ಕುರ್ಚಿನೇ ವಾಸಿ," ಅಂದ ಕ್ಷೌರದವನು. ಸಾಲು ಕರಗಿತು.

ಆ ಮಧ್ಯಾಹ್ನವೇ ತುರ್ತು ಸಭೆ ಕೂಡಿತು. ನಿರ್ದೇಶಕರು, ದುರಸ್ತಿ ಇಂಜಿನಿಯರ್, ಮೊಸಳೆಯ ಉಸ್ತುವಾರಿ ನೋಡುವುದರಿಂದ ಮೊಸಳೆ ಮೇಡಂ ಎಂದೇ ಹೆಸರಾದ ಸಹಾಯಕಿ, ಮತ್ತು ನಾನು. ಅನುಭವವನ್ನು ಒಬ್ಬ ವ್ಯಕ್ತಿಯ ಮರ್ಜಿಗೆ ಬಿಟ್ಟರೆ ಹೀಗೇ ಆಗುತ್ತದೆ, ಅದಕ್ಕೊಂದು ಅನುಮೋದಿತ ಪಠ್ಯ ಇರಬೇಕು ಎಂದು ತೀರ್ಮಾನವಾಯಿತು. ಪಠ್ಯ ಬರೆಯುವ ಮೊದಲು ಒಮ್ಮೆ ಹೋಗಿ ಕೂತು ಬರೋಣವೇ ಎಂದು ಮೊಸಳೆ ಮೇಡಂ ಕೇಳಿದರು. ಕೂತವರಿಗೆ ಪೂರ್ವಗ್ರಹ ಉಂಟಾಗುತ್ತದೆ, ಸಮಿತಿ ನಿಷ್ಪಕ್ಷಪಾತವಾಗಿರಬೇಕು ಎಂದು ನಾನು ನೆನಪಿಸಿದೆ. ಪಠ್ಯದ ಆರಂಭದಲ್ಲಿ ಒಂದು ಆಹಾ ಇರಬೇಕೋ ಎರಡು ಆಹಾ ಇರಬೇಕೋ ಎಂಬುದರ ಮೇಲೆ ಬಿಸಿಬಿಸಿ ಚರ್ಚೆ ನಡೆದು, ಸಂಸ್ಥೆಯ ಘನತೆಗೆ ತಕ್ಕಂತೆ ಎರಡಕ್ಕೆ ಒಪ್ಪಿಗೆ ಸಿಕ್ಕಿತು. ಕೊನೆಗೆ ಅಂಗೀಕಾರವಾದದ್ದು ಇದು:

"ಆಹಾ! ಆಹಾ! ಆಸನದಲ್ಲಿ ಕುಳಿತೊಡನೆ ಮೈ ನವಿರೇಳುತ್ತದೆ. ಎದುರಿಗೆ ಅನಂತವಾದ ಆಕಾಶವು ನಿಚ್ಚಳವಾಗಿ ಗೋಚರಿಸುತ್ತದೆ. ಮೋಡಗಳೊಡನೆ ಮಾತುಕತೆ ನಡೆಸಿದಂತೆ ಭಾಸವಾಗುತ್ತದೆ. ಸ್ಥಳಾವಕಾಶ ಸಮರ್ಪಕವಾಗಿದೆ."

ಮೋಡಗಳೊಡನೆ ಮಾತುಕತೆ ನನ್ನದು. ಕೊನೆಯ ವಾಕ್ಯ ಇಂಜಿನಿಯರರದು. ಅವರು ಎಲ್ಲ ಕಟ್ಟಡಕ್ಕೂ ಅದನ್ನೇ ಬರೆಯುತ್ತಾರೆ.

ಪಠ್ಯ ಸಿದ್ಧವಾದ ಮೇಲೆ ಭಾವಮೈದ ವಿಮಾನದೊಳಗೆ ಕೂರುವ ಅಗತ್ಯವೇ ಉಳಿಯಲಿಲ್ಲ. ಕೂತರೆ ಪಠ್ಯ ಮರೆತುಹೋಗುವ ಅಪಾಯವೂ ಇತ್ತು. ಆದ್ದರಿಂದ ರೆಕ್ಕೆಯ ನೆರಳಲ್ಲಿ ದಿಂಬು ಹಾಕಿದ ಒಂದು ಪ್ಲಾಸ್ಟಿಕ್ ಕುರ್ಚಿ ಇಡಲಾಯಿತು, ಸ್ಕೂಟರನ್ನು ಮೊಸಳೆಯ ಪಕ್ಕಕ್ಕೆ ಸಾಗಿಸಲಾಯಿತು. ಭಾವಮೈದ ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಪಠ್ಯ ಓದುತ್ತಾನೆ. ಕೇಳಿದವರ ಮುಂಗೈ ಮೇಲೆ "ಅನುಭವಿಸಲಾಗಿದೆ" ಎಂದು ನೇರಳೆ ಬಣ್ಣದ ಮೊಹರು ಒತ್ತಲಾಗುತ್ತದೆ.

ಯೋಜನೆ ಹೇಗೆ ಕೈಹಿಡಿಯಿತು ಅಂತೀರಿ! ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ಶಾಲೆಯ ಮೇಷ್ಟ್ರು ತರಗತಿಗೆ ತರಗತಿಯನ್ನೇ ತಂದು ಮೊಹರು ಹಾಕಿಸಿ, ವಾಪಸು ಹೋಗಿ "ನಾನು ಯುದ್ಧವಿಮಾನದಲ್ಲಿ ಕೂತಾಗ" ಎಂದು ಪ್ರಬಂಧ ಬರೆಸಿದರು. ಸ್ಥಳಾವಕಾಶ ಸಮರ್ಪಕವಾಗಿದೆ ಎಂದು ಬರೆದವರಿಗೆ ಪೂರ್ತಿ ಅಂಕ. ಅವತ್ತು ಮೂಗು ಮುರಿದಿದ್ದ ಕ್ಷೌರದವನೇ ಈಗ ಗಿರಾಕಿಯ ಕೆನ್ನೆಗೆ ಸೋಪು ಹಚ್ಚುತ್ತಾ, "ನಾನು ಆ ವಿಮಾನದಲ್ಲಿ ಕೂತಿದ್ನಲ್ಲಾ, ಅವತ್ತು ಮೋಡ..." ಎಂದು ಶುರು ಮಾಡುತ್ತಿದ್ದ. ಊರಿನಲ್ಲಿ ಕೂರದವರೇ ಇರಲಿಲ್ಲ. ಒಬ್ಬನೇ ಒಬ್ಬ ನಿಜವಾಗಿ ಕೂತಿದ್ದ ಭಾವಮೈದ ಮಾತ್ರ ಆಗಾಗ ಎಡಗಾಲು ನೀವಿಕೊಳ್ಳುತ್ತಿದ್ದ.

ಇಂಥ ಸುಗಮವಾದ ವ್ಯವಸ್ಥೆಯೊಳಗೆ ಆ ಅಜ್ಜಿ ಬಂದರು.

ಜೊತೆಗೆ ಮೊಮ್ಮಗಳಿದ್ದಳು, ಬಸ್ ಕಂಡಕ್ಟರ್. ಬಾಯಿ ಅಂದರೆ ಬಾಯಿ. ಭಾವಮೈದ ಮೊದಲನೆಯ ಆಹಾ ಮುಗಿಸಿ ಎರಡನೆಯದಕ್ಕೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಜ್ಜಿ ಕೈ ಅಡ್ಡ ಮಾಡಿದರು.

"ನಂಗೆ ಓದಿ ಹೇಳಬೇಡಪ್ಪಾ. ನಾನು ಅದರೊಳಗೆ ಕೂರಬೇಕು."

"ಕೂರೋ ಹಾಗಿಲ್ಲ ಅಜ್ಜಿ. ಅನುಭವ ಇದೆ, ತಗೊಳ್ಳಿ."

"ಇದು ನಮ್ಮ ಮನೆಯವರು ಓಡಿಸ್ತಿದ್ದ ವಿಮಾನ ಕಣಪ್ಪಾ. ಬಾಲದ ಮೇಲಿರೋ ನಂಬರು ನಂಗೆ ಬಾಯಿಪಾಠ."

ಅವರನ್ನು ನಿರ್ದೇಶಕರ ಕೋಣೆಗೆ ಕರೆತರಲಾಯಿತು. ನಾನೂ ಇದ್ದೆ. ಅಜ್ಜಿ ಕುರ್ಚಿಯ ಅಂಚಿನಲ್ಲಿ ಕೂತು, ನಾವು ಕೇಳದಿದ್ದರೂ ಎಲ್ಲ ಹೇಳಿದರು. ಗಂಡ ಯುದ್ಧ ಮುಗಿಸಿ ಮನೆಗೆ ಬಂದ ಮೇಲೆ ರಸ್ತೆಯಲ್ಲಿ ನೆಟ್ಟಗೆ ನಡೆಯುತ್ತಿರಲಿಲ್ಲವಂತೆ.

"ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ. ಕತ್ತು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಒಂದು ತೊಟ್ಟು ಕುಡಿದೋರಲ್ಲ. ಆದ್ರೂ ಬೀದಿಯವರೆಲ್ಲ ಕುಡುಕ ಅಂದ್ರು. ನಮ್ಮಣ್ಣ ಮನೆಗೆ ಬರೋದೇ ಬಿಟ್ಟ. ನಾನೇನು ಕಮ್ಮಿನಾ? 'ನೆಟ್ಟಗೆ ನಡೀರಿ, ಮಾನ ಕಳೀಬೇಡಿ' ಅಂತ ದಿನಾ ಬೈದೆ. ಅಂಗಡಿಗೆ ಹೋಗೋವಾಗ ಅವರನ್ನ ಹಿಂದೆ ಬಿಟ್ಟು ಸರಸರ ಮುಂದೆ ನಡೆದುಬಿಡ್ತಿದ್ದೆ, ಇವರು ಯಾರೋ ನಾನು ಯಾರೋ ಅನ್ನೋ ಹಾಗೆ. ಆಗ ಅವರು ಸುಮ್ಮನೆ ನಗೋರು. ಏನಿತ್ತು ಆ ವಿಮಾನದೊಳಗೆ ಅಂಥಾದ್ದು, ನಿಮ್ಮನ್ನ ಹಿಂಗೆ ಮಾಡಿ ಕಳಿಸಿದ್ದು ಅಂತ ಸಾಯೋ ಮುಂಚೆನೂ ಕೇಳ್ದೆ. 'ಏನಿಲ್ಲ ಕಣೇ, ಇಕ್ಕಟ್ಟು' ಅಂದ್ರು. ಅಷ್ಟೇ. ಹೋದ್ರು." ಅಜ್ಜಿ ಕಣ್ಣೊರೆಸಿಕೊಂಡರು. "ನಂಗೆ ಸಂಕಟ ಆಗ್ತದಪ್ಪಾ. ಒಂದೇ ಒಂದು ಸಲ ಒಳಗೆ ಕೂತು ನೋಡ್ತೀನಿ. ಅವರಿಗೆ ಏನಾಗಿತ್ತು ಅಂತ ಗೊತ್ತಾದ್ರೆ ಸಾಕು."

ನಿರ್ದೇಶಕರು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಇಡೀ ಮಾತಿನಲ್ಲಿ ಕಚೇರಿಗೆ ಸಂಬಂಧಪಟ್ಟ ಒಂದೇ ಪದವನ್ನು ಸರಿಯಾಗಿ ಎತ್ತಿಕೊಂಡರು.

"ಇಕ್ಕಟ್ಟು ಅಂದ್ರಾ?"

"ಹೂಂ, ಇಕ್ಕಟ್ಟು ಅಂದ್ರು."

"ನಮ್ಮ ಪಠ್ಯದಲ್ಲಿ ಸ್ಥಳಾವಕಾಶ ಸಮರ್ಪಕವಾಗಿದೆ ಅಂತಿದೆಯಲ್ಲಮ್ಮಾ. ನಿಮ್ಮ ಯಜಮಾನರು ತಮ್ಮ ಹೇಳಿಕೆ ವಾಪಸ್ ತಗೋಬೇಕಾಗುತ್ತೆ."

"ಅವರು ತೀರಿಕೊಂಡಿದಾರೆ!" ಅಂದಳು ಮೊಮ್ಮಗಳು.

"ತೊಂದರೆ ಇಲ್ಲ, ವಾರಸುದಾರರು ತಗೊಂಡರೂ ನಡೆಯುತ್ತೆ," ಅಂದರು ನಿರ್ದೇಶಕರು ಉದಾರವಾಗಿ.

ಅಜ್ಜಿ ಎದ್ದು ನಿಂತರು. "ಬದುಕಿದ್ದಾಗ ಅವರ ಒಂದು ಮಾತನ್ನೂ ನಾನು ನಂಬಲಿಲ್ಲ. ಈಗ ಈ ಒಂದನ್ನಾದ್ರೂ ಇಟ್ಕೋತೀನಿ, ಬಿಡಿ," ಅಂದರು.

ಮೊಮ್ಮಗಳು ಬಾಗಿಲಲ್ಲಿ ತಿರುಗಿ ನಿಂತು, ಸಂಸ್ಥೆಯ ಬಗ್ಗೆ ಕೆಲವು ಮಾತು ಆಡಿದಳು. ಅವು ಕರಡಿಗೆ ತಕ್ಕ ಮಾತುಗಳಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಎಲ್ಲಿ ಮುಗಿಯುತ್ತೆ! ಅಜ್ಜಿ ವಾರವಾರವೂ ಬಂದು ವಿಮಾನದ ಎದುರಿನ ಕಲ್ಲುಬೆಂಚಿನ ಮೇಲೆ ಕೂರತೊಡಗಿದರು. ಬೆಂಚಿನ ಮೇಲೆ ಕೂರಬಾರದೆಂಬ ನಿಯಮ ನಾನು ಬರೆದಿರಲಿಲ್ಲ, ನನ್ನದೇ ತಪ್ಪು. ಮೊಹರು ಹಾಕಿಸಿಕೊಂಡು ಬಂದವರನ್ನು ಕರೆದು, "ಏನು ಹೇಳಿದ್ರಪ್ಪಾ ಅಲ್ಲಿ? ಜಾಗ ಬೇಕಾದಷ್ಟಿದೆ ಅಂತಲಾ? ಇಕ್ಕಟ್ಟಂತೆ ಕಣಪ್ಪಾ, ನಮ್ಮ ಮನೆಯವರು ಹೇಳಿದ್ದು," ಎಂದು ನಯವಾಗಿ ಹೇಳುವರು. ಜನ ಗೊಂದಲಕ್ಕೆ ಬಿದ್ದರು. ಒಬ್ಬರು ನಮ್ಮ ಕಿಟಕಿಗೆ ಬಂದು, "ಸ್ವಾಮಿ, ನಾನು ಕೂತಾಗ ಇಕ್ಕಟ್ಟಾಗಿತ್ತಾ ಇಲ್ವಾ, ಸರಿಯಾಗಿ ಹೇಳಿ," ಎಂದು ಪಟ್ಟು ಹಿಡಿದರು. ಕ್ಷೌರದವನಂತೂ ಅರ್ಧ ಗಡ್ಡ ಬೋಳಿಸಿ, "ಈಗ ಯೋಚನೆ ಮಾಡಿದ್ರೆ ಸ್ವಲ್ಪ ಇಕ್ಕಟ್ಟೇ ಇತ್ತು," ಎಂದನಂತೆ. ಒಂದೇ ಪದದಿಂದ ಒಂದು ಯೋಜನೆ ಅಲ್ಲಾಡುವುದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಮೇಲಿನ ಕಚೇರಿಯ ತಪಾಸಣಾಧಿಕಾರಿಗಳು ಬಂದರು. ಬಂದವರೇ ಬೆಂಚಿನ ಮೇಲಿದ್ದ ಅಜ್ಜಿಯ ಪಕ್ಕದಲ್ಲೇ ಕೂತುಬಿಟ್ಟರು, ಅವರಿಗೆ ಮಂಡಿನೋವು. ಅಜ್ಜಿ ಬಿಟ್ಟಾರೆಯೇ? ಪೂರ್ತಿ ಕತೆ ಒಪ್ಪಿಸಿದರು. ಅಧಿಕಾರಿಗಳು ಒಳಗೆ ಬಂದಾಗ ಮುಖ ಬಿಗಿದಿತ್ತು.

"ಒಂದು ಸಂಗ್ರಹಾಲಯದಲ್ಲಿ ಎರಡು ಅನುಭವ ಇರೋ ಹಾಗಿಲ್ಲ," ಅಂದರು. "ಆ ಹೆಂಗಸನ್ನ ಒಳಗೆ ಕೂರಿಸಿ. ಅವರ ಬಾಯಿಂದಲೇ ಪಠ್ಯ ಹೇಳಿಸಿ. ಮುಗಿದುಹೋಗಲಿ."

"ಸಾರ್, ಸಾರ್ವಜನಿಕರು ಕೂರೋ ಹಾಗಿಲ್ಲವಲ್ಲ," ಅಂದರು ನಿರ್ದೇಶಕರು.

"ಹಾಗಾದ್ರೆ ಅವರು ಸಾರ್ವಜನಿಕರು ಅಲ್ಲ ಅಂತ ಮಾಡಿ."

ಸಿಬ್ಬಂದಿ ಮಾಡೋಣವೆಂದರೆ ವಯಸ್ಸು ಮೀರಿತ್ತು. ಅತಿಥಿ ಮಾಡೋಣವೆಂದರೆ ಅತಿಥಿಗೆ ಶಾಲು ಹೊದಿಸಬೇಕು, ಆ ಬಾಬ್ತಿನ ಹಣ ಆ ವರ್ಷದ್ದು ಮುಗಿದಿತ್ತು. ಕೊನೆಗೆ ಇಂಜಿನಿಯರ್ ತಮ್ಮ ಕಪಾಟಿನಿಂದ ವಿಮಾನದ ಹಳೆಯ ಕೈಪಿಡಿ ತಂದರು. ಅದರಲ್ಲಿ ತೂಕದ ಪಟ್ಟಿ ಇತ್ತು: ಇಂಧನ, ಎಣ್ಣೆ, ಗುಂಡುಗಳು, ಚಾಲಕ. ಅಂದರೆ ಚಾಲಕ ಇಂಧನದಂತೆಯೇ ವಿಮಾನದ ಒಂದು ಭಾಗ. ಆ ಭಾಗ ಈಗ ಲಭ್ಯವಿಲ್ಲ. ಅದರ ಬದಲಿಗೆ ಅದೇ ಮನೆಯಿಂದ ಇನ್ನೊಂದು ದೊರೆಯುತ್ತಿದೆ. ಅಜ್ಜಿಯನ್ನು ಬಿಡಿಭಾಗವೆಂದು ಪರಿಗಣಿಸಿ, ಸರಿಹೊಂದುತ್ತದೆಯೇ ಎಂದು ಪರೀಕ್ಷಿಸುವ ಸಲುವಾಗಿ ತಾತ್ಕಾಲಿಕವಾಗಿ ಅಳವಡಿಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಕರಡು ನಾನೇ ಬರೆದೆ. ಅಷ್ಟು ಸಲೀಸಾಗಿ ಯಾವ ಕರಡೂ ನನ್ನ ಕೈಯಿಂದ ಬಂದಿರಲಿಲ್ಲ. ಒಂದೇ ಷರತ್ತು: ಅಳವಡಿಕೆಯ ನಂತರ ಬಿಡಿಭಾಗವು ಅನುಮೋದಿತ ಪಠ್ಯವನ್ನು ಮೈಕಿನಲ್ಲಿ ಹೇಳತಕ್ಕದ್ದು.

"ಬಿಡಿಭಾಗನಾ?" ಮೊಮ್ಮಗಳು ಕೂಗಾಡಿದಳು. "ನಮ್ಮಜ್ಜಿ ಏನು ನಟ್ಟಾ ಬೋಲ್ಟಾ?"

"ಸುಮ್ನಿರೇ," ಅಂದರು ಅಜ್ಜಿ. "ಮನೇಲಿ ಇಷ್ಟು ವರ್ಷ ಇನ್ನೇನಾಗಿದ್ದೆ? ಇಲ್ಲಿ ಕನಿಷ್ಠ ಬರೆದು ಕೊಡ್ತಿದಾರೆ."

ಅಳವಡಿಕೆಯ ದಿನ ಇಡೀ ಅಂಗಳ ತುಂಬಿತ್ತು. ಮೊಸಳೆ ಮೇಡಂ ಅಜ್ಜಿಯ ಮುಂಗೈಗೆ ದಾರದಿಂದ ಬಿಡಿಭಾಗದ ಚೀಟಿ ಕಟ್ಟಿದರು. ಭಾವಮೈದ ಏಣಿ ಹಿಡಿದ. ಅವನು ಆ ದಿನ ಪಾಪ ಬಹಳ ಕಾಳಜಿಯಿಂದ ಇದ್ದ, "ಎಡಗಾಲು ಜೋಪಾನ ಅಜ್ಜಿ, ಅದೇ ಮೊದಲು ಜೋಮು ಹಿಡಿಯೋದು," ಎಂದು ಪಿಸುಗುಟ್ಟಿದ. ಪಠ್ಯಕ್ಕೂ ಅನುಭವಕ್ಕೂ ತಾಳೆ ನೋಡುವ ಕೆಲಸ ನನ್ನದಾದ್ದರಿಂದ ನಾನು ರೆಕ್ಕೆಯ ಮೇಲೆ ನಿಂತಿದ್ದೆ. ಇಂಜಿನಿಯರ್ ಇನ್ನೊಂದು ರೆಕ್ಕೆಯ ಮೇಲೆ.

ಅಜ್ಜಿ ಇಳಿದು ಕೂತರು. ಸಣ್ಣ ಮೈಯವರು, ಆದರೂ ಎರಡೂ ಭುಜ ತಗಡಿಗೆ ತಾಗಿದವು. ಮಂಡಿಗಳ ನಡುವೆ ಆ ಕೋಲು. ಅದರ ಹಿಡಿಯನ್ನು ಮುಟ್ಟಿ ನೋಡಿದರು. ಹಿಡಿಯ ಕಪ್ಪು ಬಣ್ಣ ಬೆರಳುಗಳಿರುವ ಕಡೆ ಮಾತ್ರ ಸವೆದು ಬಿಳುಪಾಗಿತ್ತು. ತಮ್ಮ ಬೆರಳುಗಳನ್ನು ಆ ಬಿಳುಪಿನ ಮೇಲೆ ಒಂದೊಂದಾಗಿ ಇಟ್ಟರು, ಅವು ಆ ಬಿಳುಪಿನ ತುದಿ ಮುಟ್ಟುವಷ್ಟು ಉದ್ದವಿರಲಿಲ್ಲ. ಮೂಸಿ ನೋಡಿದರು. "ಇದೇ ವಾಸನೆ. ಅವರ ಬಟ್ಟೆ ಎಷ್ಟು ಸೋಪು ಹಾಕಿ ಒಗೆದ್ರೂ ಹೋಗ್ತಿರಲಿಲ್ಲ," ಅಂದರು. ಪಠ್ಯದಲ್ಲಿ ವಾಸನೆ ಇರಲಿಲ್ಲ. ನಾನು ಗುರುತು ಹಾಕಿಕೊಂಡೆ.

ಆಮೇಲೆ ತಲೆ ಎತ್ತಿ ಎದುರಿಗೆ ನೋಡಿದರು.

"ಮುಂದೆ ಏನೂ ಕಾಣಲ್ವಲ್ಲಪ್ಪಾ?"

"ನಿಚ್ಚಳವಾಗಿ ಗೋಚರಿಸುತ್ತದೆ ಅಮ್ಮಾ," ಅಂದೆ.

"ಎಲ್ಲಿ ಗೋಚರಿಸುತ್ತೆ? ಬರೀ ಮೂಗು ಅಡ್ಡ ಇದೆ. ಮೇಲೆ ಒಂದು ಚೂರು ಆಕಾಶ. ಮುಂದೆ ಕಾಣದೇ ಇದನ್ನ ನೆಲದ ಮೇಲೆ ಹೆಂಗೆ ಓಡಿಸ್ತಿದ್ರು?"

"ಓ, ಅದಾ," ಅಂದರು ಇಂಜಿನಿಯರ್ ಉಗುರು ನೋಡಿಕೊಳ್ಳುತ್ತಾ. "ನೆಟ್ಟಗೆ ಓಡಿಸೋ ಹಾಗಿಲ್ಲ ಅಮ್ಮಾ. ಸ್ವಲ್ಪ ಆ ಕಡೆ ತಿರುಗಿಸಿ ಈ ಪಕ್ಕದಿಂದ ಕತ್ತು ಚಾಚಿ ನೋಡೋದು, ಸ್ವಲ್ಪ ಈ ಕಡೆ ತಿರುಗಿಸಿ ಆ ಪಕ್ಕದಿಂದ ನೋಡೋದು. ಅಡ್ಡಾದಿಡ್ಡಿ ಹೋದರೇನೇ ದಾರಿ ಕಾಣೋದು. ನೆಟ್ಟಗೆ ಹೋದೋನು ಯಾರಿಗಾದ್ರೂ ಗುದ್ದಿ ಸಾಯ್ತಾನೆ. ಕೈಪಿಡೀಲಿದೆ. ಪಠ್ಯಕ್ಕೆ ಹಾಕೋವಷ್ಟು ಮುಖ್ಯ ಅಲ್ಲ."

ಅಜ್ಜಿ ಕತ್ತು ಎಡಕ್ಕೆ ಚಾಚಿ ಹೊರಗೆ ನೋಡಿದರು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ. ಒಮ್ಮೆಲೇ ನಕ್ಕುಬಿಟ್ಟರು, ಎಳೆಯ ಹುಡುಗಿಯ ಹಾಗೆ, ಜೋರಾಗಿ. ನಗುತ್ತಾ ನಗುತ್ತಾ ಅದು ಅಳುವಾಯಿತು.

"ಅಯ್ಯೋ ರೀ," ಅಂದರು. "ಹೇಳಬಾರದಿತ್ತಾ? ದಾರಿ ನೋಡ್ಕೊಂಡು ಬರ್ತಿದ್ರಾ? ನಾನು ಮುಂದೆ ಮುಂದೆ ಹೋಗ್ತಿದ್ನಲ್ಲಾ, ನನಗೆ ಎಲ್ಲಿ ಗುದ್ದಿಬಿಡ್ತೀನೋ ಅಂತ ನೋಡ್ಕೊಂಡು ಬರ್ತಿದ್ರಾ?"

ಕೋಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಣೆ ಅದಕ್ಕೆ ಆನಿಸಿ ಅತ್ತರು. ನಗು, ಅಳು, ಎರಡೂ ಪಠ್ಯದಲ್ಲಿರಲಿಲ್ಲ. ನಾನು ಕಾಗದವನ್ನು ನೋಡಿದೆ, ಇಂಜಿನಿಯರ್ ಆಕಾಶ ನೋಡಿದರು.

ಇಳಿದು ಬಂದಾಗ ತಪಾಸಣಾಧಿಕಾರಿಗಳು ಮೈಕ್ ಹಿಡಿದು ಕಾದಿದ್ದರು. ಯೋಜನೆಯ ಅಳಿವು ಉಳಿವು ಆ ಮುದುಕಿಯ ನಾಲಿಗೆಯ ಮೇಲೆ ನಿಂತಿತ್ತು. ಅಜ್ಜಿ ನಿರ್ದೇಶಕರನ್ನು ನೋಡಿದರು, ಮೊಸಳೆ ಮೇಡಂ ಅನ್ನು ನೋಡಿದರು, ಮೊಹರು ಹಾಕಿಸಿಕೊಂಡ ಇಡೀ ಊರನ್ನು ನೋಡಿದರು. ಆ ಊರಿನಲ್ಲೇ ಅವರ ಗಂಡನನ್ನು ಕುಡುಕ ಅಂದವರೂ ನಿಂತಿದ್ದರು. ಆಮೇಲೆ ಮೈಕಿಗೆ ಬಾಯಿಟ್ಟು, ಒಂದಕ್ಷರ ತಪ್ಪದೆ ಹೇಳಿದರು:

"ಆಹಾ. ಆಹಾ. ಆಸನದಲ್ಲಿ ಕುಳಿತೊಡನೆ ಮೈ ನವಿರೇಳುತ್ತದೆ..."

ಸ್ಥಳಾವಕಾಶದ ತನಕ ಪೂರ್ತಿ. ಚಪ್ಪಾಳೆ ಮುಗಿಲು ಮುಟ್ಟಿತು. ನಿರ್ದೇಶಕರು ಭಾವಮೈದನನ್ನು ತಬ್ಬಿಕೊಂಡರು.

ಗದ್ದಲದಲ್ಲಿ ಮೊಮ್ಮಗಳು ಅಜ್ಜಿಯ ತೋಳು ಹಿಡಿದು ಕೇಳುವುದು ನನಗೆ ಕೇಳಿಸಿತು. "ಇವರಿಗೆ ಯಾಕಜ್ಜಿ ಸುಳ್ಳು ಹೇಳ್ದೆ? ನಂಗಾದ್ರೂ ನಿಜ ಹೇಳು. ಹೆಂಗಿತ್ತು?"

ಅಜ್ಜಿ ಸುಮ್ಮನೆ ನಕ್ಕರು.

"ಏನಿಲ್ಲ ಕಣೇ," ಅಂದರು. "ಇಕ್ಕಟ್ಟು."

ಇದು ಮೈಕಿನಲ್ಲಿ ಬಂದದ್ದಲ್ಲ, ಆದ್ದರಿಂದ ವರದಿಯಲ್ಲಿ ಸೇರಿಸಲಿಲ್ಲ.

ಆಮೇಲೆ ನಡೆದದ್ದನ್ನು ಎಲ್ಲರೂ ನೋಡಿದರು. ಅಜ್ಜಿ ಮೊಮ್ಮಗಳ ಕೈ ಬಿಡಿಸಿಕೊಂಡು ಗೇಟಿನ ಕಡೆ ಹೊರಟರು. ನೆಟ್ಟಗಲ್ಲ. ಆ ಕಡೆ ನಾಲ್ಕು ಹೆಜ್ಜೆ, ಕತ್ತು ಈ ಕಡೆ. ಈ ಕಡೆ ನಾಲ್ಕು ಹೆಜ್ಜೆ, ಕತ್ತು ಆ ಕಡೆ. ನಿಧಾನವಾಗಿ, ಪಕ್ಕದಲ್ಲಿ ಯಾರೋ ಜೊತೆಗಿದ್ದಾರೆ ಎಂಬಂತೆ, ಅವಸರವೇ ಇಲ್ಲದೆ. ಜನ ದಾರಿ ಬಿಟ್ಟರು.

"ಇದೇನ್ರೀ, ಇದು ಪಠ್ಯದಲ್ಲಿ ಇಲ್ಲವಲ್ಲ?" ಅಂದರು ತಪಾಸಣಾಧಿಕಾರಿಗಳು.

ಉತ್ತರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಇಂಜಿನಿಯರ್ ಆಗಲೇ ಊಟಕ್ಕೆ ಹೋಗಿದ್ದರು. ನಾನು ತಾಳೆ ನೋಡುವವನೇ ಹೊರತು ಉತ್ತರ ಕೊಡುವವನಲ್ಲ.

"ಅಧಿಕೃತವಾಗಿ ಅಳವಡಿಸಿದ ಬಿಡಿಭಾಗ ಹೀಗೆ ನಡೆದಿದೆ ಅಂದ್ರೆ ಇದೂ ಅನುಭವದ ಭಾಗವೇ," ಎಂದು ತಪಾಸಣಾಧಿಕಾರಿಗಳೇ ತೀರ್ಮಾನಿಸಿದರು. "ಬೇರೆ ಸಂಗ್ರಹಾಲಯದವರು ಮಾಡೋಕೆ ಮೊದಲು ಸೇರಿಸಿಬಿಡಿ."

ಮರುದಿನವೇ ವಿಮಾನದಿಂದ ಗೇಟಿನವರೆಗೆ ಅಂಕುಡೊಂಕಾದ ಹಳದಿ ಗೆರೆ ಎಳೆಯಲಾಯಿತು. ಪಕ್ಕದಲ್ಲಿ ನನ್ನ ಫಲಕ: "ಅನುಭವ ಪಡೆದವರು ಗೆರೆಯ ಮೇಲೆಯೇ ನಡೆಯತಕ್ಕದ್ದು. ಕತ್ತನ್ನು ಸೂಚಿತ ಸ್ಥಳಗಳಲ್ಲಿ ವಾಲಿಸತಕ್ಕದ್ದು. ನೆಟ್ಟಗೆ ನಡೆದವರ ಮೊಹರನ್ನು ಅಳಿಸಲಾಗುವುದು." ಮೊಹರು ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತೆ? ಗೇಟು ದಾಟಿದ ಮೇಲೂ ಯಾರಾದರೂ ನೋಡುತ್ತಿರಬಹುದೆಂದು ಜನ ಹಾಗೆಯೇ ಮುಂದುವರಿಸಿದರು. ಶಾಲೆಯ ಮೇಷ್ಟ್ರು ಮಕ್ಕಳಿಗೆ ಅಭ್ಯಾಸ ಮಾಡಿಸಿದರು. ಸಿಬ್ಬಂದಿಗೆ ಕಡ್ಡಾಯವಾಯಿತು. ಕ್ಷೌರದವನು ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಹಾಗೆಯೇ. ನಾನು ಮೊದಲ ಸಂಜೆ ಹಾಗೆ ಮನೆಗೆ ಹೋದಾಗ ನನ್ನ ಹೆಂಡತಿ ಬಾಗಿಲಲ್ಲೇ, "ಥೂ, ನೆಟ್ಟಗೆ ನಡೀರಿ, ಅಕ್ಕಪಕ್ಕದವರು ನೋಡ್ತಿದಾರೆ!" ಎಂದು ಗದರಿದಳು. "ಏನಿಲ್ಲ ಕಣೇ, ನಿಯಮ," ಅಂದೆ. ವಾರ ಕಳೆಯುವುದರೊಳಗೆ ಅವಳೂ ಮೊಹರು ಹಾಕಿಸಿಕೊಂಡು ಬಂದಳು.

ಅಜ್ಜಿ ಮತ್ತೆ ಸಂಗ್ರಹಾಲಯಕ್ಕೆ ಬರಲಿಲ್ಲ. ಆಗಾಗ ಅಂಗಡಿ ಬೀದಿಯಲ್ಲಿ ಕಾಣುತ್ತಾರೆ, ಚೀಲ ಹಿಡಿದು, ಅಡ್ಡಾದಿಡ್ಡಿ ಹೆಜ್ಜೆ ಹಾಕುತ್ತಾ, ತುಟಿಯಲ್ಲಿ ಏನೋ ಮಾತಾಡಿಕೊಳ್ಳುತ್ತಾ. ಯಾರೂ ಅವರನ್ನು ತಿರುಗಿ ನೋಡುವುದಿಲ್ಲ, ಏಕೆಂದರೆ ಇಡೀ ಬೀದಿಯೇ ಹಾಗೆ ನಡೆಯುತ್ತಿರುತ್ತದೆ. ಈಗ ನಮ್ಮ ಊರಿನಲ್ಲಿ ಯಾರನ್ನೂ ಕುಡುಕ ಅನ್ನುವುದಿಲ್ಲ. ಪರವೂರಿನವನೊಬ್ಬ ಬಸ್ಸಿಳಿದು ನೆಟ್ಟಗೆ ನಡೆದುಹೋದರೆ ಮಾತ್ರ ಜನ ನಿಂತು ನೋಡಿ, ಪಾಪ, ಇವನಿಗಿನ್ನೂ ಅನುಭವ ಸಾಲದು ಎಂದು ಮರುಗಿ, ನಮ್ಮ ಗೇಟಿನ ದಾರಿ ತೋರಿಸುತ್ತಾರೆ.